ಆರು ಬಾಗಿಲು, ಒಂದೇ ನಂಬರು

ಹೋದ ಯುಗಾದಿಗೆ ಮರಿಯಮ್ಮನಹಳ್ಳಿಗೆ ಹೋದಾಗ ಅಪ್ಪ ಟ್ರಂಕಿನಿಂದ ಒಂದು ಹಳೇ ರೆಕ್ಸಿನ್ ಚೀಲ ತೆಗೆದು ನನ್ನ ಮುಂದಿಟ್ಟರು. "ನೀನು ಕಂಪ್ಯೂಟರ್ ಓದಿದೋನು. ಇದನ್ನ ಒಂದು ದಾರಿಗೆ ಹಚ್ಚು" ಅಂದರು. ಬಿಇ ಓದಿದವನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಆಸ್ತಿ ಪತ್ರದವರೆಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮೂರಿನ ನಂಬಿಕೆ. ಊರಿಂದ ಬಂದ ಸಾಫ್ಟ್‌ವೇರ್ ಮಂದಿಗೆಲ್ಲ ಈ ಅನುಭವ ಆಗಿರುತ್ತೆ ಬಿಡಿ.

ಚೀಲದಲ್ಲಿದ್ದದ್ದು ನಮ್ಮ ವಠಾರದ ಕಾಗದಗಳು. ವಠಾರ ಅಂದರೆ ದೊಡ್ಡದೇನಲ್ಲ. ಮುಂದೆ ಅಂಗಳ, ನಡುವೆ ಒಂದು ಸಂದಿ, ಆ ಕಡೆ ಮೂರು, ಈ ಕಡೆ ಮೂರು, ಒಟ್ಟು ಆರು ಬಾಗಿಲು. ಒಂದು ನಲ್ಲಿ, ಒಂದು ಬೇವಿನ ಮರ. ದೊಡ್ಡಪ್ಪಂದು ಎರಡು ಬಾಗಿಲು, ನಮ್ಮದು ಎರಡು. ಹಿಂದಿನ ಎರಡು ತೀರಿಹೋದ ಸಣ್ಣಪ್ಪಂದು. ಅದರಲ್ಲಿ ಒಂದರಾಗೆ ಸಣ್ಣವ್ವ ಇದ್ದಾಳೆ, ಇನ್ನೊಂದನ್ನ ಫ್ಯಾಕ್ಟರಿ ಕೆಲಸಕ್ಕೆ ಬರೋ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾಳೆ. ಅವಳ ಸಂಸಾರ ನಡೆಯೋದೇ ಆ ಬಾಡಿಗೆಯಿಂದ. ಪಾಲು ಆಗಿ ಎಷ್ಟೋ ವರ್ಷ ಆಗಿದೆ, ಆದರೆ ಎಲ್ಲಾ ಬಾಯಿಮಾತಲ್ಲಿ. ಕಾಗದದಲ್ಲಿ ಇರೋದು ಒಂದು ನಿವೇಶನ, ಒಂದು ನಂಬರು, ಅಜ್ಜನ ಹೆಸರು.

ಹಳೇ ಕ್ರಯಪತ್ರ ಓದ್ತಾ ಕೂತೆ. ಆಸ್ತಿಯ ವಿವರ ಬರೋದು ಕೊನೆಗೆ, ಚಕ್ಕುಬಂದಿಯಲ್ಲಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಬೇವಿನ ಮರ, ದಕ್ಷಿಣಕ್ಕೆ ಇಂಥವರ ಖಾಲಿ ಜಾಗ. ಆ ಮನೆಯವರು ಊರು ಬಿಟ್ಟಿದ್ದಾರೆ, ಖಾಲಿ ಜಾಗದಲ್ಲಿ ಮೂರಂತಸ್ತು ಎದ್ದಿದೆ. ಉಳಿದಿರೋ ಸಾಕ್ಷಿ ಬೇವಿನ ಮರ ಒಂದೇ!

ಆಮೇಲೆ ಒಂದು ಸಾಲು ಬಂತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯ. ನಮ್ಮೂರಿಂದ ಹಂಪಿಗೆ ಬಸ್ಸು ಬದಲಿಸಿದರೂ ಒಂದೂವರೆ ತಾಸಿನ ದಾರಿ. ಅಲ್ಲಿನ ಅರಸರು ಅಗ್ರಹಾರ, ದೇವದಾನ ಕೊಡುವಾಗ ಶಾಸನಗಳಲ್ಲಿ ಕೆತ್ತಿಸುತ್ತಿದ್ದದ್ದೂ ಇದೇ ಎಂಟು ಹಕ್ಕು. ನೆಲದೊಳಗೆ ಹೂತ ನಿಧಿಯಿಂದ ಹಿಡಿದು ಮುಂದೆ ಹುಟ್ಟಬಹುದಾದ ಆದಾಯದವರೆಗೆ ಎಲ್ಲಾ ಬಂತು. ನಾಲ್ಕು ದಿಕ್ಕಿನ ಎಲ್ಲೆ ಹೇಳೋದೂ ಅವರದೇ ಪದ್ಧತಿ. ಕಲ್ಲಿನಿಂದ ತಾಮ್ರಕ್ಕೆ, ತಾಮ್ರದಿಂದ ಸ್ಟಾಂಪ್ ಪೇಪರಿಗೆ ಆ ಮಾತು ಇಳಿದು ಬಂದಿದೆ. ನಮ್ಮ ವಠಾರದ ನೆಲದಡಿ ಸಿಗೋ ನಿಧಿಯ ಮೇಲೆ ನಮಗೆ ಪತ್ರದಲ್ಲಿ ಹಕ್ಕಿದೆ. ಸಂದಿಯಲ್ಲಿ ನಡೆಯೋ ಹಕ್ಕಿನ ಬಗ್ಗೆ ಒಂದಕ್ಷರ ಇಲ್ಲ.

ಯಾಕೆ ಹೀಗೆ? ಸ್ವಲ್ಪ ಹಿಂದಕ್ಕೆ ಹೋಗಬೇಕು.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ಅವನ ಕಾಲದಲ್ಲಿ 33 ಅಡಿ ಸರಪಳಿ ಹಿಡಿದು ಹೊಲ ಹೊಲ ಅಳೆದರು. ನಾವು ಇವತ್ತಿಗೂ ಅನ್ನೋ ಗುಂಟೆ ಅಂದರೆ 33 ಅಡಿಗೆ 33 ಅಡಿ, ನಲವತ್ತು ಗುಂಟೆಗೆ ಒಂದು ಎಕರೆ. ಆದರೆ ಅಳೆದದ್ದು ಕಂದಾಯ ಬರೋ ಹೊಲವನ್ನ. ಜನ ಮಲಗೋ ಮನೆಯಿಂದ ಕಂದಾಯ ಬರಲ್ಲವಲ್ಲ! ಊರೊಳಗಿನ ಮನೆಗಳೆಲ್ಲ ಗ್ರಾಮಠಾಣ ಅನ್ನೋ ಒಂದೇ ಮುದ್ದೆಯಲ್ಲಿ ಉಳಿದುಬಿಟ್ಟವು. ಹೊಲಕ್ಕೆ ಸರ್ವೆ ನಂಬರು, ನಕ್ಷೆ, ಬಾಂದುಕಲ್ಲು. ಮನೆಗೆ ಅಕ್ಕಪಕ್ಕದವರ ಹೆಸರು. ಸರ್ಕಾರ ತೆರಿಗೆ ಹಾಕೋದನ್ನ ಅಳೆಯುತ್ತೆ, ಮಿಕ್ಕಿದ್ದನ್ನ ನಂಬಿಕೆಗೆ ಬಿಡುತ್ತೆ. ಹಳ್ಳಿ ಮನೆಗಳನ್ನ ಡ್ರೋನ್ ಹಾರಿಸಿ ಅಳೆಯೋ ಸ್ವಾಮಿತ್ವ ಯೋಜನೆ ಬಂದದ್ದು 2020ರಲ್ಲಿ. ನಡುವೆ ಇನ್ನೂರು ವರ್ಷಕ್ಕೂ ಹೆಚ್ಚು.

ಇನ್ನು ನೋಂದಣಿ. ದೇಶಕ್ಕೆಲ್ಲ ಒಂದು ನೋಂದಣಿ ಕಾಯ್ದೆ ಅಂತ ಬಂದದ್ದು 1864ರಲ್ಲಿ. ಈಗಿರೋದು 1908ರದ್ದು. ಅದರ 21ನೇ ಕಲಂ ನಾನು ಮೊದಲ ಸಲ ಓದಿದೆ. ಗುರುತು ಹಿಡಿಯೋಕೆ ಸಾಕಾಗುವಷ್ಟು ವಿವರ ಇಲ್ಲದ ಪತ್ರವನ್ನ ನೋಂದಣಿಗೆ ತಗೋಬಾರದು ಅನ್ನುತ್ತೆ. ಪಟ್ಟಣದ ಮನೆ ಆದರೆ ಯಾವ ಬೀದಿಯ ಯಾವ ಮಗ್ಗುಲು, ಈಗ ಯಾರಿದ್ದಾರೆ, ಮೊದಲು ಯಾರಿದ್ದರು, ಬೀದಿಯಲ್ಲಿ ಮನೆಗಳಿಗೆ ನಂಬರಿದ್ದರೆ ಆ ನಂಬರು ಬರೆಯಬೇಕು. ಬೇರೆ ಕಡೆಯ ಮನೆ, ಜಮೀನಿಗೆ ವಿಸ್ತೀರ್ಣ, ಸುತ್ತಲಿನ ಆಸ್ತಿ, ಸಾಧ್ಯವಾದಲ್ಲಿ ಸರ್ಕಾರಿ ನಕ್ಷೆ ಅಥವಾ ಸರ್ವೆಯ ಉಲ್ಲೇಖ. ಕೆಟ್ಟ ನಿಯಮವೇನಲ್ಲ. ಒಂದೇ ಊರಲ್ಲಿ ಮೂರು ತಲೆಮಾರು ಕೂತಿದ್ದರೆ, ಮೊದಲು ಯಾರಿದ್ದರು ಅಂತ ಯಾರನ್ನ ಕೇಳಿದರೂ ಹೇಳ್ತಾರೆ.

ಆದರೆ ಊರೇ ಎದ್ದು ಹೋದರೆ?

ನಮ್ಮಜ್ಜ ನಾರಾಯಣದೇವರಕೆರೆಯವರು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ಕ್ಕೆ ನೀರು ನಿಂತಿತು. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಆ ಒಂದು ಅಂಕಿ ತೊಂಬತ್ತರಷ್ಟು ಹಳ್ಳಿಗಳ ಹಣೆಬರಹ ಬರೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಎದ್ದರು. ಮುಳುಗಡೆಯಾದ ನಮ್ಮವರು ಮರಿಯಮ್ಮನಹಳ್ಳಿಗೆ ಬಂದು ಸೇರಿದರು. ದೇವರನ್ನೂ ತಂದರು, ತೇರನ್ನೂ ತಂದರು. ಚಕ್ಕುಬಂದಿಯನ್ನ ಮಾತ್ರ ತರೋಕೆ ಆಗಲಿಲ್ಲ. ಹೊಸ ಊರಲ್ಲಿ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅನ್ನೋದು ಮತ್ತೆ ಮೊದಲಿಂದ ಶುರು.

ಚೀಲದ ಕಾಗದಗಳಲ್ಲಿ ಮದ್ರಾಸ್ ಕಾಲದ್ದೊಂದು ಚೀಟಿ ಇದೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, 1973ಕ್ಕೆ ಅದು ಕರ್ನಾಟಕ ಆಯ್ತು, 2021ಕ್ಕೆ ನಾವು ವಿಜಯನಗರ ಜಿಲ್ಲೆ ಆದೆವು. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂತು. ಮನೆ ಒಂದಿಂಚೂ ಜರುಗಿಲ್ಲ, ವಿಳಾಸ ಮಾತ್ರ ಊರು ಸುತ್ತಿದೆ.

ಒಂದೇ ಕಟ್ಟಡದಲ್ಲಿ ಹಲವರ ಮನೆ ಇದ್ದರೆ ಬರೆಯೋದು ಹೇಗೆ ಅನ್ನೋ ಪ್ರಶ್ನೆ ನಮ್ಮೊಬ್ಬರದಲ್ಲ. ಸ್ಕಾಟ್ಲೆಂಡಿನಲ್ಲಿ 1617ರಿಂದ ಭೂಮಿಯ ಹಕ್ಕು ದಾಖಲಿಸೋ ರಿಜಿಸ್ಟರ್ ಇದೆ. ಅಲ್ಲಿನ ವಠಾರಗಳು ಎತ್ತರದವು, ಎಲ್ಲರಿಗೂ ಒಂದೇ ಮೆಟ್ಟಿಲು. ಅವಕ್ಕೆಂದೇ 2004ರಲ್ಲಿ ಕಾಯ್ದೆ ಮಾಡಿದರು. ಪತ್ರದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಮಾಳಿಗೆ ಮೇಲಿನ ಮನೆಯವರದ್ದು, ಆದರೆ ಸೋರಿದರೆ ರಿಪೇರಿಯಲ್ಲಿ ಕೆಳಗಿನವರದ್ದೂ ಪಾಲು. ಕರ್ನಾಟಕದಲ್ಲೂ 1972ರ ಅಪಾರ್ಟ್‌ಮೆಂಟ್ ಕಾಯ್ದೆ ಇದೆ. ಅದರ ಪ್ರಕಾರ ಮನೆಯ ವಿವರದ ಜೊತೆಗೆ ಮೆಟ್ಟಿಲು, ಅಂಗಳದಂಥ ಎಲ್ಲರ ಜಾಗದಲ್ಲಿ ಶೇಕಡಾ ಎಷ್ಟು ಪಾಲು ಅಂತ ಬರೆಯಬೇಕು. ಆದರೆ ಮಾಲೀಕರೇ ಘೋಷಣಾ ಪತ್ರ ಬರೆದು ಅದರಡಿ ಬಂದರೆ ಮಾತ್ರ ಅದು ಅನ್ವಯ. ನಮ್ಮೂರ ವಠಾರಗಳಿಗೆ ಇದರ ಸುದ್ದಿಯೇ ಮುಟ್ಟಿಲ್ಲ.

ಈಗ ಸುಮ್ಮನೆ ಇರೋ ಹಾಗೂ ಇಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ನನ್ನ ಕೆಲಸವೇ ಡೇಟಾಬೇಸಿನದ್ದು. ಒಂದು ಆಸ್ತಿಗೆ ಒಂದು ನಂಬರು ಅಂತ ಟೇಬಲ್ ಮಾಡಿದರೆ ಆರು ಬಾಗಿಲು ಒಂದು ಸಾಲಿನಲ್ಲಿ ಅಡಗಿಹೋಗುತ್ತವೆ. ಯಾರದೋ ಬದುಕು ಕಾಲಂ ಇಲ್ಲದ್ದಕ್ಕೆ ಕಾಣದೆ ಹೋಗೋದು ನಮ್ಮ ಆಫೀಸಲ್ಲೂ ದಿನಾ ಆಗುತ್ತೆ. ಅಲ್ಲಿ ಅದಕ್ಕೆ ಬಗ್ ಅಂತೀವಿ, ಟಿಕೆಟ್ ಹಾಕ್ತೀವಿ. ಇಲ್ಲಿ ಅದಕ್ಕೆ ಕೋರ್ಟು.

ಕೊನೆಗೆ ವಿಭಾಗಪತ್ರ ಮಾಡಿಸೋದು ಅಂತ ತೀರ್ಮಾನ ಆಯ್ತು. ಪತ್ರ ಬರಹಗಾರರು ಕರಡು ಕೊಟ್ಟರು. ಟೇಪು ಹಿಡಿದು ನಾನೇ ಅಳತೆ ಬರೆದಿದ್ದೆ. ಎ ಶೆಡ್ಯೂಲ್ ದೊಡ್ಡಪ್ಪಂದು, ಬಿ ನಮ್ಮದು, ಸಿ ಸಣ್ಣವ್ವಂದು. ಚೊಕ್ಕ ಕೆಲಸ ಅಂತ ನನಗೇ ಹೆಮ್ಮೆ. ಸಂಜೆ ಬೇವಿನ ಮರದ ಕೆಳಗೆ ಎಲ್ಲರಿಗೂ ಓದಿ ಹೇಳಿದೆ. ಸಣ್ಣವ್ವಗೆ ಓದು ಬರಲ್ಲ. ಕಿವಿಗೊಟ್ಟು ಕೇಳಿದಳು. ಓದಿ ಮುಗಿಸಿದ ಮೇಲೆ ಅಂದಳು:

"ಎಲ್ಲಾ ಬರ್ದೀಯಪ್ಪ, ಚಲೋ ಆತು. ನನ್ ಬಾಗ್ಲು ಐತಿ ಅದ್ರಾಗ. ನಾ ಬಾಗ್ಲಿಗೆ ಹೋಗೋ ದಾರಿ ಎಲ್ಲೈತಿ?"

ಯಾರೂ ಮಾತಾಡಲಿಲ್ಲ. ಮತ್ತೆ ಕಾಗದ ನೋಡಿದೆ. ಸಂದಿಯನ್ನ ಅರ್ಧ ದೊಡ್ಡಪ್ಪಗೆ, ಅರ್ಧ ನಮಗೆ ಹಂಚಿಬಿಟ್ಟಿದ್ದೆ. ಅಳತೆ ಸರಿಯಾಗಿ ಕೂಡಲಿ ಅಂತ! ಅವಳ ಎರಡು ಬಾಗಿಲಿಗೆ ಪತ್ರದ ಪ್ರಕಾರ ದಾರಿಯೇ ಇರಲಿಲ್ಲ. ನಲ್ಲಿ ನಮ್ಮ ಪಾಲಿಗೆ ಬಂದಿತ್ತು. ದೊಡ್ಡಪ್ಪ "ನಾವೇನು ಬ್ಯಾಡ ಅಂತೀವೇನವ್ವಾ" ಅಂದರು. ಅವಳು "ನೀವು ಅನ್ನಂಗಿಲ್ಲ ಬಿಡ್ರಿ ಮಾವಾ. ನಾಳೆ ನಿಮ್ಮ ಜಾಗಕ್ಕೆ ಯಾರ್ ಬರ್ತಾರೋ" ಅಂದಳು, ಅಷ್ಟೇ. ಊರು ಮುಳುಗಿದ ಮನೆತನದ ಸೊಸೆ. ಬಾಯಿಮಾತಿನ ಎಲ್ಲೆ ಎಷ್ಟು ದಿನ ಉಳಿಯುತ್ತೆ ಅಂತ ಅವಳಿಗೆ ನಾವು ಹೇಳಬೇಕಾಗಿರಲಿಲ್ಲ.

ಕರಡು ಮತ್ತೆ ಬರೆಸಿದೆವು. ಈಗ ಡಿ ಶೆಡ್ಯೂಲ್ ಅಂತ ಒಂದಿದೆ. ಅಂಗಳ, ಸಂದಿ, ನಲ್ಲಿ, ಚರಂಡಿ, ಬೇವಿನ ಮರ. ಮೂವರಿಗೂ ಸೇರಿದ್ದು, ಯಾರೂ ಕಟ್ಟಂಗಿಲ್ಲ, ಯಾರೂ ತಡೆಯಂಗಿಲ್ಲ. ಕೈಯಲ್ಲಿ ಬರೆದ ನಕ್ಷೆಯೊಂದನ್ನ ಲಗತ್ತಿಸಿ ಮೂರೂ ಕಡೆಯವರು ಸಹಿ ಹಾಕಿದರು. ಸಣ್ಣವ್ವ ಹೆಬ್ಬೆಟ್ಟು ಒತ್ತಿದಳು. ಒಂದು ಖಾತಾ ಮೂರಾಗೋ ಅರ್ಜಿ ಇನ್ನೂ ಓಡಾಡ್ತಾ ಇದೆ, ಅದು ಬೇರೆ ಕಥೆ.

ನಿಮ್ಮ ಮನೆ ಪತ್ರ ಟ್ರಂಕಿನಲ್ಲಿದ್ದರೆ ಒಂದ್ಸಲ ತೆಗೆದು ಓದಿ. ನಿಧಿ ನಿಕ್ಷೇಪ ಇದ್ದೇ ಇರುತ್ತೆ. ದಾರಿ ಇದೆಯಾ ನೋಡಿಕೊಳ್ಳಿ. ಓದೋವಾಗ ಮನೆಯ ಹಿಂದಿನ ಬಾಗಿಲಲ್ಲಿ ಇರೋರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ.