ಅಥೆನ್ಸಿಗೆ ಬಂದ ಹೊರಊರಿನವರು



ಗ್ರೀಕ್ ತತ್ವಶಾಸ್ತ್ರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಥೆನ್ಸ್ ನಗರ, ಮತ್ತು ಶಾಲೆಯ ಚರಿತ್ರೆ ಪುಸ್ತಕದಲ್ಲಿ ನೋಡಿದ ಮೂರು ಗಡ್ಡದ ಮುಖಗಳು: ಸಾಕ್ರೆಟೀಸ್, ಪ್ಲೇಟೊ, ಅರಿಸ್ಟಾಟಲ್. ಮೂವರೂ ಅಥೆನ್ಸಿನವರೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಮೂರನೆಯವನು ಅಲ್ಲಿಯವನಲ್ಲ. ಅವನೊಬ್ಬನೇ ಏಕೆ, ಆ ಕಥೆಯಲ್ಲಿ ಬರುವ ದೊಡ್ಡ ಹೆಸರುಗಳನ್ನು ಒಂದೊಂದಾಗಿ ಕೇಳಿಕೊಂಡು ಹೋದರೆ ಅಥೆನ್ಸಿನಲ್ಲೇ ಹುಟ್ಟಿ ಬೆಳೆದವರು ಬೆರಳೆಣಿಕೆಯಷ್ಟು. ಉಳಿದವರು ಎಲ್ಲೆಲ್ಲಿಂದಲೋ ಬಂದವರು. ನೀವೂ ಊರು ಬಿಟ್ಟು ಇನ್ನೊಂದು ಊರಿನಲ್ಲಿ ಬದುಕು ಕಟ್ಟಿಕೊಂಡವರಲ್ಲವೇ? ಆದ್ದರಿಂದ ಈ ತತ್ವಶಾಸ್ತ್ರವನ್ನು ನಿಮಗೆ ಆ ಬಾಗಿಲಿನಿಂದಲೇ ಪರಿಚಯಿಸೋಣ ಎನಿಸಿತು.

ಕಥೆ ಶುರುವಾಗುವುದು ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯಲ್ಲಿ. ಅಲ್ಲಿ ಮಿಲೀಟಸ್ ಎಂಬ ಗ್ರೀಕರ ಬಂದರು ಇತ್ತು. ಈಜಿಪ್ಟಿನ ಸರಕೂ ಬ್ಯಾಬಿಲೋನಿನ ಸುದ್ದಿಯೂ ಅಲ್ಲಿಗೆ ಬರುತ್ತಿದ್ದವು. ಕ್ರಿ.ಪೂ. 585ರ ಸೂರ್ಯಗ್ರಹಣವನ್ನು ಮುಂದಾಗಿ ಹೇಳಿದನೆಂದು ಹೆಸರಾದ ಥೇಲಿಸ್ ಈ ಊರಿನವನು. ಎಲ್ಲದಕ್ಕೂ ಮೂಲ ನೀರು ಎಂದ. ಉತ್ತರ ತಪ್ಪಿರಬಹುದು, ಆದರೆ ಪ್ರಶ್ನೆಯನ್ನು ನೋಡಿ. ಇಷ್ಟೊಂದು ಬಗೆಯ ವಸ್ತುಗಳ ಹಿಂದೆ ಒಂದೇ ವಸ್ತು ಇದೆಯೇ ಎಂದು ಕೇಳಿದ, ಉತ್ತರಕ್ಕಾಗಿ ದೇವತೆಗಳ ಕಥೆಗೆ ಹೋಗಲಿಲ್ಲ. ಅವನ ನಂತರದ ಅನಾಕ್ಸಿಮಾಂಡರ್ ಅದೇ ಊರಿನವನು. ನೀರೇ ಮೂಲವಾದರೆ ಬೆಂಕಿ ಎಲ್ಲಿಂದ ಬಂತು ಎಂಬ ತೊಡಕು ಅಲ್ಲಿತ್ತು. ಮೂಲವಸ್ತು ನೀರೂ ಅಲ್ಲ, ಬೆಂಕಿಯೂ ಅಲ್ಲ, ಎಲ್ಲೆಯೇ ಇಲ್ಲದ್ದು ಎಂದುಬಿಟ್ಟ. ಹಿರಿಯರು ಹೇಳಿದ್ದನ್ನು ಕಿರಿಯರು ತಿದ್ದುವ ಈ ಸಂಪ್ರದಾಯ ಅಲ್ಲಿಂದ ಮುಂದೆ ನಿಲ್ಲಲೇ ಇಲ್ಲ.

ನನಗೆ ಹೆಚ್ಚು ಪ್ರಿಯನಾದವನು ಅದೇ ಕರಾವಳಿಯ ಕೊಲೊಫಾನ್ ಊರಿನ ಜೆನೋಫನೀಸ್. ಆ ಪ್ರದೇಶ ಪರ್ಷಿಯನ್ನರ ವಶವಾದ ಕಾಲದಲ್ಲಿ ಊರು ಬಿಟ್ಟು ಹೊರಟ. 25ರ ವಯಸ್ಸಿನಿಂದ 67 ವರ್ಷ ಗ್ರೀಕ್ ನಾಡುಗಳಲ್ಲಿ ಅಲೆದೆ ಎಂದು ತಾನೇ ಹೇಳಿಕೊಂಡಿದ್ದಾನೆ, ಅಂದರೆ ಆಗ ಅವನಿಗೆ 92. ಪದ್ಯ ಹೇಳಿ ಬದುಕಿದ ಈ ಅಲೆಮಾರಿ ಒಂದು ಸಂಗತಿ ಗಮನಿಸಿದ. ಇಥಿಯೋಪಿಯದವರ ದೇವರು ಕಪ್ಪು, ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಕೆಂಪು ಕೂದಲು. ಎತ್ತು ಕುದುರೆಗಳಿಗೆ ಚಿತ್ರ ಬರೆಯಲು ಬಂದಿದ್ದರೆ ಅವೂ ತಮ್ಮಂತೆಯೇ ಇರುವ ದೇವರನ್ನು ಬರೆಯುತ್ತಿದ್ದವು ಎಂದ. ಇಂಥ ಮಾತು ನಾಲ್ಕೂರು ಕಂಡವನ ಬಾಯಿಂದಲೇ ಬರಬೇಕು. ಹಾಗೆಂದು ಅವನು ನಾಸ್ತಿಕನಲ್ಲ. ದೇವರು ಒಬ್ಬನೇ, ಅವನಿಗೆ ಮನುಷ್ಯನ ರೂಪವಿಲ್ಲ ಎಂಬುದು ಅವನ ನಿಲುವು.

ಇಲ್ಲಿಂದ ಎರಡು ದೊಡ್ಡ ವಾದಗಳು ಹುಟ್ಟಿದವು. ಎಫೆಸಸ್ ಊರಿನ ಹೆರಾಕ್ಲಿಟಸ್ ಎಲ್ಲವೂ ಹೊಳೆಯಂತೆ ಹರಿಯುತ್ತದೆ, ಆ ಹರಿವಿಗೂ ಒಂದು ನಿಯಮವಿದೆ ಎಂದ. ಇಟಲಿಯ ದಕ್ಷಿಣದ ಎಲಿಯಾ ಊರಿನ ಪಾರ್ಮೆನಿಡೀಸ್ ಇದಕ್ಕೆ ತದ್ವಿರುದ್ಧ: ಇರುವುದು ಇದ್ದೇ ಇರುತ್ತದೆ, ಇಲ್ಲದ್ದರಿಂದ ಏನೂ ಹುಟ್ಟದು, ಆದ್ದರಿಂದ ಬದಲಾವಣೆಯೇ ಭ್ರಮೆ. (ಎಲಿಯಾ ಎಂಬುದೇ ಪರ್ಷಿಯನ್ನರಿಗೆ ಹೆದರಿ ಸಮುದ್ರ ದಾಟಿ ಬಂದ ನಿರಾಶ್ರಿತರು ಕಟ್ಟಿದ ಊರು.) ಇಬ್ಬರ ನಡುವೆ ರಾಜಿ ಮಾಡಿಸಿದ್ದು ಉತ್ತರದ ಅಬ್ಡೇರಾದ ಡೆಮಾಕ್ರಿಟಸ್. ಎಂದೂ ಬದಲಾಗದ, ಒಡೆಯಲಾಗದ ಕಣಗಳಿವೆ, ಅವು ಖಾಲಿ ಜಾಗದಲ್ಲಿ ಚಲಿಸಿ ಕೂಡಿ ಬೇರೆಯಾಗುವುದೇ ನಾವು ಕಾಣುವ ಬದಲಾವಣೆ. 'ಆಟಂ' ಎಂಬ ಶಬ್ದ ಬಂದದ್ದು ಇಲ್ಲಿಂದ. ನಾನು ಅಥೆನ್ಸಿಗೆ ಹೋಗಿದ್ದೆ, ಯಾರಿಗೂ ನನ್ನ ಗುರುತು ಸಿಗಲಿಲ್ಲ ಎಂದು ಡೆಮಾಕ್ರಿಟಸ್ ಹೇಳಿದನೆಂಬ ಮಾತೊಂದು ಉಳಿದುಬಂದಿದೆ. ಮಹಾನಗರಕ್ಕೆ ಮೊದಲ ಸಲ ಬಂದಿಳಿದ ದಿನ ನಿಮಗೂ ಹೀಗೇ ಅನಿಸಿರಬೇಕು!

ಕ್ರಿ.ಪೂ. ಐದನೆಯ ಶತಮಾನದಲ್ಲಿ ಅಥೆನ್ಸ್ ಶ್ರೀಮಂತವಾಯಿತು. ಅಲ್ಲಿ ಪ್ರಜಾಪ್ರಭುತ್ವ. ಸಭೆಯಲ್ಲಿ ಮಾತಾಡಿ ಗೆಲ್ಲಬೇಕು, ನ್ಯಾಯಾಲಯದಲ್ಲಿ ತನ್ನ ಮೊಕದ್ದಮೆಯನ್ನು ತಾನೇ ವಾದಿಸಬೇಕು. ಆದ್ದರಿಂದ ಮಾತು ಕಲಿಸುವ ಗುರುಗಳಿಗೆ ಒಳ್ಳೆಯ ಬೇಡಿಕೆ. ಅಬ್ಡೇರಾದಿಂದ ಪ್ರೊಟಗೊರಸ್ ಬಂದ, ಸಿಸಿಲಿಯಿಂದ ಗಾರ್ಜಿಯಸ್ ಬಂದ. ಇವರನ್ನು ಸೋಫಿಸ್ಟರು ಎನ್ನುತ್ತಾರೆ. ಎಲ್ಲಕ್ಕೂ ಮನುಷ್ಯನೇ ಅಳತೆಗೋಲು ಎಂಬುದು ಪ್ರೊಟಗೊರಸನ ಪ್ರಸಿದ್ಧ ವಾದ. ಒಂದು ವಿಚಿತ್ರ ನೋಡಿ, ಆ ಸಭೆಯಲ್ಲಿ ಇವರಿಗೆ ಬಾಯಿ ಬಿಡುವ ಹಕ್ಕಿರಲಿಲ್ಲ, ಮತವೂ ಇರಲಿಲ್ಲ. ಮತವಿದ್ದವರಿಗೆ ಮಾತು ಕಲಿಸಿ ಹಣ ಪಡೆದರು.

ಹೊರಗಿನವರಿಗೆ ಅಪಾಯವೂ ಇತ್ತು. ಕ್ಲಾಜೊಮಿನಿಯಿಂದ ಬಂದ ಅನಾಕ್ಸಗೊರಸ್ ಅಥೆನ್ಸಿನ ನಾಯಕ ಪೆರಿಕ್ಲಿಸನ ಸ್ನೇಹಿತ. ಸೂರ್ಯ ದೇವರಲ್ಲ, ಕಾದ ಕಲ್ಲು ಎಂದದ್ದಕ್ಕೆ ದೈವನಿಂದೆಯ ಆರೋಪ ಬಂತು. ಲ್ಯಾಂಪ್ಸಕಸ್ ಎಂಬ ಊರಿಗೆ ಹೊರಟುಹೋದ, ಅಲ್ಲೇ ಸತ್ತ.

ಅದೇ ಬಗೆಯ ಆರೋಪ ಕ್ರಿ.ಪೂ. 399ರಲ್ಲಿ ಸಾಕ್ರೆಟೀಸನ ಮೇಲೂ ಬಂತು. ಆದರೆ ಇವನು ಪಕ್ಕಾ ಅಥೆನ್ಸಿಗ. ಸೈನಿಕನಾಗಿ ಯುದ್ಧಕ್ಕೆ ಹೋದದ್ದು ಬಿಟ್ಟರೆ ಊರು ಬಿಟ್ಟು ಕದಲಿದವನೇ ಅಲ್ಲ. ಒಂದಕ್ಷರವನ್ನೂ ಬರೆದಿಡಲಿಲ್ಲ. ಸಂತೆಬೀದಿಯಲ್ಲಿ ಸಿಕ್ಕವರನ್ನು ನಿಲ್ಲಿಸಿಕೊಂಡು 'ಧೈರ್ಯ ಎಂದರೇನು? ನ್ಯಾಯ ಎಂದರೇನು?' ಎಂದು ಕೇಳುವುದೇ ಅವನ ಕೆಲಸ. ಕೊನೆಗೆ ಉತ್ತರ ಕೊಟ್ಟವನಿಗೆ ತನಗೇನೂ ಗೊತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಐದು ವರ್ಷ ಹಿಂದಷ್ಟೇ ಅಥೆನ್ಸ್ ಸ್ಪಾರ್ಟಾಕ್ಕೆ ಸೋತಿತ್ತು. ಮೂವತ್ತು ಮಂದಿ ಕ್ರೂರಿಗಳ ಆಡಳಿತ ಕಂಡಿತ್ತು, ಅವರಲ್ಲಿ ಪ್ರಮುಖನಾದ ಕ್ರಿಟಿಯಾಸ್ ಹಿಂದೊಮ್ಮೆ ಸಾಕ್ರೆಟೀಸನ ಒಡನಾಡಿ. ನೊಂದ ಊರಿಗೆ ಪ್ರಶ್ನೆ ಕೇಳುವವನು ಹಗೆಯಾಗಿ ಕಂಡ. ನಗರದ ದೇವರನ್ನು ಒಪ್ಪುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂದು ದೂರು. ಮೂವತ್ತು ಮತಗಳು ಆಚೆಗೆ ಹೋಗಿದ್ದರೆ ಬಿಡುಗಡೆಯಾಗುತ್ತಿತ್ತು ಎಂದು ಪ್ಲೇಟೊ ಬರೆದಿದ್ದಾನೆ. ಮರಣದಂಡನೆಯಾಯಿತು.

ಸೆರೆಮನೆಯಿಂದ ಪಾರುಮಾಡಲು ಗೆಳೆಯ ಕ್ರಿಟೊ ಹಣ ಹೊಂದಿಸಿದ್ದ. ಥೆಸಲಿಯಲ್ಲಿ ಉಳಿಯಲು ಮನೆಯೂ ಸಿದ್ಧ. ಸಾಕ್ರೆಟೀಸ್ ಒಪ್ಪಲಿಲ್ಲ. 70 ವರ್ಷ ಈ ನಗರದ ಕಾನೂನಿನ ನೆರಳಲ್ಲಿ ಬದುಕಿದ್ದೇನೆ, ಬೇಡವೆನಿಸಿದ್ದರೆ ಯಾವಾಗ ಬೇಕಾದರೂ ಹೋಗಬಹುದಿತ್ತು, ಹೋಗಲಿಲ್ಲ, ಈಗ ತೀರ್ಪು ನನಗೆ ವಿರುದ್ಧವಾಯಿತೆಂದು ಓಡಲೇ ಎಂಬುದು ಅವನ ವಾದ. ಅನ್ಯಾಯದ ತೀರ್ಪಿಗೂ ತಲೆಬಾಗಬೇಕೇ? ಈ ಪ್ರಶ್ನೆಯ ಚರ್ಚೆ ಇಂದಿಗೂ ಮುಗಿದಿಲ್ಲ. ನನಗಂತೂ ಅವನ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ಅನ್ಯಾಯ ಮಾಡುವುದಕ್ಕಿಂತ ಅನ್ಯಾಯ ಅನುಭವಿಸುವುದು ಮೇಲು ಎಂದು ಜೀವನವಿಡೀ ಹೇಳಿದವನು, ಹಾಗೆಯೇ ವಿಷ ಕುಡಿದ.

ಆಗ ಪ್ಲೇಟೊ 30ರ ಆಸುಪಾಸಿನವನು. ಈ ಸಾವು ಅವನನ್ನು ಬಿಡಲಿಲ್ಲ. ಊರೆಲ್ಲ ಸೇರಿ ಮತ ಹಾಕಿ ಒಬ್ಬ ಒಳ್ಳೆಯವನನ್ನು ಕೊಲ್ಲಬಹುದಾದರೆ, ನ್ಯಾಯವೆಂಬುದು ಜನಾಭಿಪ್ರಾಯದ ಮೇಲೆ ನಿಲ್ಲಲಾರದು. ಮತ್ತೆಲ್ಲಿ ನಿಲ್ಲುತ್ತದೆ? ನಾವು ಕೈಯಲ್ಲಿ ಬರೆಯುವ ಯಾವ ವೃತ್ತವೂ ಪೂರ್ತಿ ದುಂಡಗಿರುವುದಿಲ್ಲ, ಆದರೂ ವೃತ್ತವೆಂದರೇನು ಎಂದು ಮನಸ್ಸಿಗೆ ಗೊತ್ತು. ಹಾಗೆಯೇ ನ್ಯಾಯಕ್ಕೂ ಸೌಂದರ್ಯಕ್ಕೂ ಕೆಡದ ಒಂದು ಮೂಲರೂಪವಿದೆ, ಅದು ಕಣ್ಣಿಗಲ್ಲ, ಬುದ್ಧಿಗೆ ಮಾತ್ರ ಕಾಣುತ್ತದೆ ಎಂದ. ಸುಮಾರು ಕ್ರಿ.ಪೂ. 387ರಲ್ಲಿ ಊರಾಚೆಯ ತೋಪಿನಲ್ಲಿ ಅಕಾಡೆಮಿ ತೆರೆದ.

ಆ ಅಕಾಡೆಮಿಗೆ ಕ್ರಿ.ಪೂ. 367ರಲ್ಲಿ 17 ವರ್ಷದ ಹುಡುಗನೊಬ್ಬ ಉತ್ತರದ ಸ್ಟಗೈರಾದಿಂದ ಬಂದ. ತಂದೆ ಮ್ಯಾಸಿಡೋನಿಯದ ಅರಮನೆ ವೈದ್ಯ. ಅವನೇ ಅರಿಸ್ಟಾಟಲ್. 20 ವರ್ಷ ಗುರುವಿನ ಬಳಿ ಇದ್ದು, ಗುರುವನ್ನು ತಿದ್ದಿದ. ಕುದುರೆಯ ರೂಪ ಕುದುರೆಯಲ್ಲೇ ಇದೆ, ಬೇರೆ ಲೋಕದಲ್ಲಿಲ್ಲ, ಕುದುರೆಯನ್ನೇ ನೋಡಿ ಎಂದ. ನೋಡಿದ ಕೂಡ: ಲೆಸ್ಬೋಸ್ ದ್ವೀಪದ ಮೀನುಗಳನ್ನು ಕೊಯ್ದು ಪರೀಕ್ಷಿಸಿದ. ತರ್ಕಶಾಸ್ತ್ರಕ್ಕೆ ನಿಯಮ ಹಾಕಿಕೊಟ್ಟ. ಹೇಡಿತನಕ್ಕೂ ಹುಂಬತನಕ್ಕೂ ನಡುವಿನದು ಧೈರ್ಯ ಎಂಬಂತೆ, ಸದ್ಗುಣ ಎರಡು ಅತಿಗಳ ನಡುವೆ ಇರುತ್ತದೆ, ಅಭ್ಯಾಸದಿಂದ ಬರುತ್ತದೆ ಎಂದ. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದೂ ಬರೆದ. ಅಷ್ಟು ದೊಡ್ಡ ಬುದ್ಧಿಗೂ ಕಾಣದ ಜಾಗ ಅದು.

ಕ್ರಿ.ಪೂ. 335ರಲ್ಲಿ ಅಥೆನ್ಸಿನಲ್ಲೇ ಲೈಸಿಯಂ ಎಂಬಲ್ಲಿ ಸ್ವಂತ ಶಾಲೆ ಆರಂಭಿಸಿದ. ಆದರೆ ಕಾನೂನಿನ ಲೆಕ್ಕದಲ್ಲಿ ಅವನು 'ಮೆಟಿಕ್', ಅಂದರೆ ಹೊರಊರಿನ ನಿವಾಸಿ. ಅಂಥವರಿಗೆ ವರ್ಷಕ್ಕೆ 12 ಡ್ರಾಕ್ಮಾ ತಲೆಗಂದಾಯ, ನೆಲ ಕೊಳ್ಳುವ ಹಕ್ಕಿಲ್ಲ, ಮತವಿಲ್ಲ. ಮನುಷ್ಯ ಸ್ವಭಾವತಃ ನಗರಜೀವಿ ಎಂದವನು ಇವನೇ. ಅಧಿಕಾರದಲ್ಲೂ ನ್ಯಾಯ ಹೇಳುವುದರಲ್ಲೂ ಪಾಲುಳ್ಳವನೇ ಪ್ರಜೆ ಎಂದು ವ್ಯಾಖ್ಯೆ ಬರೆದವನೂ ಇವನೇ. ಆ ವ್ಯಾಖ್ಯೆಯ ಪ್ರಕಾರ ತಾನಿದ್ದ ನಗರಕ್ಕೆ ತಾನು ಪ್ರಜೆಯಲ್ಲ! ಕ್ರಿ.ಪೂ. 323ರಲ್ಲಿ ಅವನ ಶಿಷ್ಯ ಅಲೆಕ್ಸಾಂಡರ್ ಸತ್ತಾಗ ಮ್ಯಾಸಿಡೋನಿಯದ ನಂಟಿದ್ದವರ ಮೇಲೆ ಅಥೆನ್ಸ್ ತಿರುಗಿಬಿತ್ತು. ಮತ್ತೆ ಅದೇ ದೈವನಿಂದೆಯ ಆರೋಪ. ಅರಿಸ್ಟಾಟಲ್ ಕಾಯಲಿಲ್ಲ. ಅಥೆನ್ಸ್ ತತ್ವಶಾಸ್ತ್ರಕ್ಕೆ ಎರಡನೆಯ ಬಾರಿ ದ್ರೋಹ ಮಾಡುವುದು ಬೇಡ ಎಂದು ಹೇಳಿ ತಾಯಿಯ ಊರಾದ ಕಾಲ್ಕಿಸಿಗೆ ಹೊರಟನೆಂದು ಪ್ರತೀತಿ. ಮರುವರ್ಷ ಅಲ್ಲೇ ತೀರಿಕೊಂಡ. ತನ್ನೂರಿನವನು ಓಡಲಿಲ್ಲ, ಹೊರಊರಿನವನು ಉಳಿಯಲಿಲ್ಲ.

ಆದರೂ ಜನ ಬರುತ್ತಲೇ ಇದ್ದರು. ಕಪ್ಪು ಸಮುದ್ರದ ಸಿನೋಪಿಯಿಂದ ಗಡೀಪಾರಾಗಿ ಬಂದ ಡಯೋಜಿನೀಸನಿಗೆ ಯಾವ ಊರೆಂದು ಕೇಳಿದರೆ, ತಾನು ಲೋಕದ ಪ್ರಜೆ ಎನ್ನುತ್ತಿದ್ದನಂತೆ. ಸೈಪ್ರಸ್ಸಿನ ಸಿಟಿಯಂ ಊರಿನ ವ್ಯಾಪಾರಿ ಜೀನೊ, ಹಡಗು ಮುಳುಗಿ ಅಥೆನ್ಸಿಗೆ ಬಂದವನು, ಪುಸ್ತಕದಂಗಡಿಯಲ್ಲಿ ಸಾಕ್ರೆಟೀಸನ ವಿಷಯ ಓದುವುದನ್ನು ಕೇಳಿ ಅಲ್ಲೇ ನಿಂತುಬಿಟ್ಟನೆಂದು ಕಥೆ. ಚಿತ್ರಗಳಿದ್ದ ಒಂದು ಕಂಬಸಾಲಿನ ಮೊಗಸಾಲೆಯಲ್ಲಿ ಪಾಠ ಹೇಳಿದ. ಅದರ ಗ್ರೀಕ್ ಹೆಸರು ಸ್ಟೋವಾ, ಅವನ ಪಂಥ ಸ್ಟೋಯಿಕ್. ನಮ್ಮ ಕೈಯಲ್ಲಿಲ್ಲದ್ದಕ್ಕೆ ಕೊರಗಬೇಡ, ಕೈಯಲ್ಲಿರುವುದು ನಮ್ಮ ವಿವೇಕ ಮಾತ್ರ, ಮನುಷ್ಯರೆಲ್ಲ ಒಂದೇ ನಗರದವರು ಎಂಬುದು ಆ ಪಂಥದ ಬೋಧನೆ. ಅಥೆನ್ಸ್ ಅವನಿಗೆ ಚಿನ್ನದ ಕಿರೀಟವಿತ್ತು ಗೌರವಿಸಿತು. ಒಮ್ಮೆ ಸ್ನಾನಗೃಹದ ದುರಸ್ತಿಗೆ ಹಣ ಕೊಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತುವಾಗ 'ತತ್ವಜ್ಞಾನಿ ಜೀನೊ' ಎಂದು ಬರೆದಿದ್ದರಂತೆ. ಅದರ ಜೊತೆ 'ಸಿಟಿಯಂ ಊರಿನವನು' ಎಂದೂ ಸೇರಿಸಿ ಎಂದು ಅವನು ಕೇಳಿಕೊಂಡ.