ಫಾರ್ಮುಲಾ 4 ಹೊಸ ಸೀಸನ್: ಆಳಂದದಿಂದ ಟ್ರ್ಯಾಕ್ ಎಷ್ಟು ದೂರ?

ಫಾರ್ಮುಲಾ 4 ಇಂಡಿಯನ್ ಚಾಂಪಿಯನ್‌ಷಿಪ್‌ನ ಮುಂದಿನ ಸೀಸನ್‌ಗೆ ಕಾಯ್ತಿರುವವರು ಇಷ್ಟು ತಿಳ್ಕೊಂಡಿರಿ. ಒಬ್ಬರೇ ಕೂರುವ, ಚಕ್ರಗಳು ಹೊರಗೇ ಕಾಣುವ ಕಾರುಗಳ ಈ ಸರಣಿ ಶುರುವಾಗಿದ್ದು 2023ರಲ್ಲಿ. ಎಫ್‌ಐಎ ಮಾನ್ಯತೆ ಇರೋದ್ರಿಂದ ಇದು ಎಫ್‌1 ಏಣಿಯ ಕೆಳಗಿನ ಮೆಟ್ಟಿಲು. 15 ತುಂಬಿದವರು ಓಡಿಸಬಹುದು. ಎಫ್‌1ಗೆ ಬೇಕಾದ ಸೂಪರ್ ಲೈಸೆನ್ಸ್‌ಗೆ 40 ಅಂಕ ಬೇಕು. ಎಫ್‌4 ಚಾಂಪಿಯನ್‌ಗೆ ಸಿಗೋದು 12. (ದೇಶೀ ‘ಎಲ್‌ಜಿಬಿ ಫಾರ್ಮುಲಾ 4’ ಬೇರೆಯೇ ಕ್ಲಾಸ್, ಅದಕ್ಕೆ ಈ ಅಂಕ ಇಲ್ಲ.)

ಏಣಿ ನಿಂತಿರೋದು ಮಾತ್ರ ತಮಿಳುನಾಡಲ್ಲಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಟ್ರ್ಯಾಕ್. 2024ರ ಆಗಸ್ಟ್ ಕೊನೆಗೆ ಚೆನ್ನೈ ಬೀದಿಯಲ್ಲೇ ರಾತ್ರಿ ರೇಸ್ ಆಯ್ತು, ಅಲ್ಲಿನ ಸರ್ಕಾರವೇ ಬೆನ್ನಿಗಿತ್ತು. ಆಳಂದ, ಅಫಜಲಪುರ, ಜೇವರ್ಗಿ ಕಡೆಗೆ ಹತ್ತಿರ ಬಂದ ದೊಡ್ಡ ರೇಸ್ ಅಂದ್ರೆ 2023ರ ಫೆಬ್ರವರಿಯ ಹೈದರಾಬಾದ್ ಫಾರ್ಮುಲಾ ಇ. ಸರ್ಕಾರ ಬದಲಾದ ಮೇಲೆ ಮರುವರ್ಷ ಅದೂ ರದ್ದು. ಖರ್ಚಿನ ಲೆಕ್ಕ ಕೇಸಿನವರೆಗೆ ಹೋಯ್ತು.

ರಾಜ್ಯದಲ್ಲಿ ಪ್ರತಿಭೆ ಇಲ್ಲ ಅಂತಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಎಫ್‌2 ಸ್ಪ್ರಿಂಟ್ ರೇಸ್ ಗೆದ್ದರು. ಆದರೆ ಈ ದಾರಿಗೆ ಕೈಚಳಕ ಸಾಲದು. ಚಿಕ್ಕಂದಿನಿಂದಲೇ ಕಾರ್ಟಿಂಗ್, ಟೈರು, ಟೆಸ್ಟಿಂಗ್, ತಂಡದ ಶುಲ್ಕ, ಎಲ್ಲ ಅಪ್ಪನ ಜೇಬು ಇಲ್ಲವೇ ಪ್ರಾಯೋಜಕರ ಮೇಲೆ. ತೊಗರಿ ರೇಟ್ ನೋಡ್ಕೊಂಡು ವರ್ಷ ದೂಡುವ ಮನೆ ಮಗುವನ್ನ ಕಾರ್ಟ್‌ನಲ್ಲಿ ಕೂರಿಸೋರು ಯಾರು? (ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿಯೋ ಹುಡುಗರಿಗಂತೂ ಇಲ್ಲಿ ಬರ ಇಲ್ಲ.) 371(ಜೆ) ಕಾಲೇಜು ಸೀಟಿಗೆ, ನೌಕರಿಗೆ ಆಸರೆ, ಇಂಥ ಕ್ರೀಡೆಯ ಖರ್ಚಿಗೆ ಅದು ಬರಲ್ಲ.

ಆದರೂ ಆಸೆ ಇದ್ದರೆ ಮೊದಲ ಬಾಗಿಲು ಎಫ್‌ಎಂಎಸ್‌ಸಿಐ ಲೈಸೆನ್ಸ್. ಕಾರ್ಟಿಂಗ್ ಟ್ರ್ಯಾಕ್ ಮಾತ್ರ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಹುಡುಕಬೇಕು.