ವದಂತಿ ಮತ್ತು ಸಂಚಿನ ನಂಬಿಕೆ: ಬೆಂಗಳೂರು, 2012

ಅಸ್ಸಾಮಿನ ಕೊಕ್ರಝಾರ್‌ನಲ್ಲಿ 2012ರ ಜುಲೈನಲ್ಲಿ ಗಲಭೆಯಾದ ಮೇಲೆ, ರಂಜಾನ್ ಹಬ್ಬದ ಹೊತ್ತಿಗೆ ಅದಕ್ಕೆ ಪ್ರತೀಕಾರವಾಗಿ ಬೆಂಗಳೂರಿನಲ್ಲೂ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆಂದು ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಆಗಸ್ಟ್ 15ರಿಂದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ರಾಜ್ಯದ ಆಗಿನ ಗೃಹಸಚಿವ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರೂ ಜನ ಹೋಗುತ್ತಲೇ ಇದ್ದರು. ಸರ್ಕಾರದ ಭರವಸೆಗಿಂತ ಊರಿಂದ ಬಂದ ಅಮ್ಮನ ಫೋನಿಗೇ ತೂಕ ಜಾಸ್ತಿ. ಬಾಣಸವಾಡಿ, ಕಮ್ಮನಹಳ್ಳಿಯಂಥ ಕಡೆ ಬಾಡಿಗೆ ಕೋಣೆಯಲ್ಲಿ ಒಬ್ಬ ಬ್ಯಾಗು ತುಂಬಿದರೆ ಪಕ್ಕದ ಕೋಣೆಯವನಿಗೆ ಅದೇ ಪುರಾವೆ. ವಿಷಯ ಮುಖ್ಯವಾಗಿದ್ದು ಮಾಹಿತಿ ಮಸುಕಾಗಿದ್ದಾಗ ವದಂತಿ ಬೆಳೆಯುತ್ತದೆಂದು ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲೇ ಹೇಳಿದ್ದರು. ಆದರೆ ವದಂತಿ ನಂಬಿ ಊರು ಬಿಟ್ಟದ್ದನ್ನು ಬರೀ ಪೆದ್ದುತನ ಎನ್ನಲಾಗದು. ಮುಖಚಹರೆಗಾಗಿ ದಿನವೂ ಹಂಗಿಸಿಕೊಂಡವರಿಗೆ ಆ ಬೆದರಿಕೆ ಅಸಂಭವವೆನಿಸಲಿಲ್ಲ. ವದಂತಿ ತಡೆಯಲು ಕೇಂದ್ರ ಸರ್ಕಾರ 15 ದಿನ ಸಗಟು ಎಸ್ಸೆಮ್ಮೆಸ್ ನಿಷೇಧಿಸಿ, ಮೊದಲಿಗೆ ದಿನಕ್ಕೆ 5 ಸಂದೇಶದ ಮಿತಿ ಹೇರಿತು.